ಫಕೀರವ್ವನ ಒಲೆ

ನರ್ಮದೆಯ ದಂಡೆಯ ಆ ಆಶ್ರಮದಲ್ಲಿ ಕನ್ನಡ ಆಡುವವರು ಇಬ್ಬರೇ ಇದ್ದರು. ಗುರು ಮುರಿಗೆಮ್ಮತಾಯಿ, ಶಿಷ್ಯೆ ಶಕುಂತಲಾ. ಇಬ್ಬರೂ ಗದಗಿನ ಕಡೆಯವರು.

ಒಂದು ಬೆಳಿಗ್ಗೆ ಶಿಷ್ಯೆ ಕೇಳಿದಳು: "ತಾಯಿ, ನಾ ಒಂದು ಬ್ಲಾಗ್ ಬರೀಲೇನ್ರಿ?"

"ಯಾರಿಗೆ?"

"ಪಮ್ಮಕ್ಕಗ."

ಪಮ್ಮಕ್ಕ ಅವಳ ಅಕ್ಕ. ಅವರಿಬ್ಬರ ಹೆತ್ತವ್ವ ಫಕೀರವ್ವ ತೀರಿಕೊಂಡಾಗ ಶಕುಂತಲಾ ಆಶ್ರಮದಲ್ಲಿ ನಲವತ್ತು ದಿನದ ಮೌನವ್ರತದಲ್ಲಿದ್ದಳು. ಫೋನನ್ನು ತಾನೇ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಳು. ಆಮೇಲೆ ಸುದ್ದಿ ತಿಳಿದು ಊರಿಗೆ ಓಡಿದಾಗ ಅಕ್ಕ ಬಾಗಿಲಲ್ಲೇ ತಡೆದು ನಿಂತಳು.

"ನಿನ್ನ ಮೌನ ಮುಗೀತೇನು? ನಂದು ಈಗ ಶುರುವಾತು."

ಅದಾಗಿ ಐದು ವರ್ಷ. ಬರೆದ ಕಾಗದಗಳೆಲ್ಲ ಒಡೆಯದೆ ವಾಪಸ್ಸು ಬಂದಿದ್ದವು.

"ನನ್ನ ಕಾಗದ ಮುಟ್ಟಂಗಿಲ್ಲ, ತಾಯಿ. ಆದ್ರ ದಿನಾ ಫೋನಿನ್ಯಾಗ ಅಡಗಿ ಹುಡುಕಿ ಹುಡುಕಿ ಓದ್ತಾಳಂತ. ಅವ್ವನ ಅಡಗಿ ಬರದ್ರ ಎಂದಾರ ಒಂದಿನ ಕಣ್ಣಿಗೆ ಬಿದ್ದೀತು."

"ಹಂಗಾರ ಬರಿ."

ಒಂದು ತಿಂಗಳು ಕಳೆಯಿತು.

"ಏನ್ ಬರದೀ?" ಎಂದು ತಾಯಿ ಕೇಳಿದರು.

"ಹೆಸರು ಇನ್ನೂ ಗಟ್ಟಿ ಆಗಿಲ್ರಿ. ಬಣ್ಣ ಮೂರು ಸಲ ಬದಲಿಸೀನಿ. ಮ್ಯಾಲ ಹಾಕಾಕ ಒಂದು ಚಂದದ ಚಿತ್ರ ಬೇಕು..."

"ನಿನಗ ಹೆಸರಿಟ್ಟದ್ದು ಯಾವಾಗ?"

"ಹುಟ್ಟಿದ ಹದಿಮೂರನೇ ದಿನಕ್ಕಂತ್ರಿ."

"ಅಲ್ಲೀತನಕ ಅಳದ ಸುಮ್ಮನ ಬಿದ್ದಿದ್ದಿಯೇನು?"

ಅಂದೇ ಶಕುಂತಲಾ ಅವ್ವ ಮಾಡುತ್ತಿದ್ದ ಕಡಲೆಹಿಟ್ಟಿನ ಝುಣಕದ ಬಗ್ಗೆ ನಾಲ್ಕು ಸಾಲು ಬರೆದು ಹಾಕಿದಳು. ಕೆಲವು ದಿನ ಬರೆದ ಮೇಲೆ ಹೆಸರು ತಾನೇ ಬಂತು: ಫಕೀರವ್ವನ ಒಲೆ.

ಮಧ್ಯಾಹ್ನ ಬರೆಯುವಳು. ಸಂಜೆ ಘಾಟಿನ ಮೆಟ್ಟಿಲ ಮೇಲೆ ಕೂತು ತಾಯಿಗೆ ಓದಿ ಹೇಳುವಳು.

"ಇವತ್ತು ಇಬ್ಬರು ಓದ್ಯಾರ್ರಿ," ಎಂದಳು ಒಂದು ದಿನ. "ಒಬ್ಬಾಕಿ ನಾನು. ಇನ್ನೊಬ್ಬಾಕಿ... ತಾಯಿ, ಇನ್ನೊಬ್ಬಾಕಿ ಪಮ್ಮಕ್ಕ ಇರಬಹುದಲ್ರಿ?"

"ಇನ್ನೊಬ್ಬಾಕಿ ನಾನವ್ವಾ. ಕಚೇರಿ ಫೋನಿನ್ಯಾಗ ತಗಿಸಿ ನೋಡಿದೆ."

ಶಕುಂತಲಾ ನಕ್ಕಳು. ನಕ್ಕು ಹೊಳೆಯ ಕಡೆಗೆ ಮುಖ ತಿರುಗಿಸಿದಳು.

ಮಳೆಗಾಲ ಬಂದು ಹೋಯಿತು. ಅಕ್ಕನಿಂದ ಒಂದು ಅಕ್ಷರವೂ ಬರಲಿಲ್ಲ.

ಆಮೇಲೊಂದು ಸಂಜೆ ಶಕುಂತಲಾ ಹೀಗೆ ಓದಿದಳು: "ಗುರೆಳ್ಳು (ಹುಚ್ಚೆಳ್ಳು) ಚಟ್ನಿಗೆ ಗುರೆಳ್ಳನ್ನು ಹುರಿಯಬಾರದು. ಹಸಿಯದನ್ನೇ ಕುಟ್ಟಬೇಕು."

"ಹಸೀದೇನು?"

"ನಮ್ಮ ಮನ್ಯಾಗ ಹಂಗ್ರಿ."

ಮರುದಿನದ ಬರಹದಲ್ಲಿ ಮಾದಲಿ ಎಂಬ ಗೋದಿಯ ಸಿಹಿಗೆ ಬೆಲ್ಲದ ಬದಲು ಸಕ್ಕರೆ ಬಿತ್ತು. ಅದರ ಮರುದಿನ, ಅವ್ವ ಎಡಗೈಯಲ್ಲೇ ರೊಟ್ಟಿ ಬಡಿಯುತ್ತಿದ್ದಳು ಎಂದು ಬರೆದಿತ್ತು.

"ಫಕೀರವ್ವ ಎಡಚಿಯೇನು?"

ಶಕುಂತಲಾ ಫೋನನ್ನು ಕೆಳಗಿಟ್ಟಳು.

"ಅಲ್ರಿ ತಾಯಿ. ಪಮ್ಮಕ್ಕಗ ತಪ್ಪು ಕಂಡ್ರ ತಡಕೊಳ್ಳಾಕ ಆಗಂಗಿಲ್ಲ. ಮಂದಿ ಮದುವಿಗೆ ಹೋದ್ರೂ ಅಡಗಿಯವನ್ನ ಕರ್ದು ಬೈದು ಬರ್ತಾಳ. ಇದನ್ನ ಓದಿ, ಏ ಹುಚ್ಚೀ, ಹಂಗಲ್ಲ, ಅಂತ ಒಂದು ಸಾಲು ಬರದ್ರೂ ನನಗ ಸಾಕು."

ತಾಯಿ ದೀಪ ಹಚ್ಚಲು ಎದ್ದು ಹೋದರು.

ಹತ್ತು ದಿನದ ಮೇಲೆ ಶಕುಂತಲಾ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು ಬಂದಳು.

"ತಾಯಿ, ಬಂತು! ಗುರೆಳ್ಳಿನ ಬರಹದ ಕೆಳಗ ಯಾರೋ ಬರದಾರ. ನೀವ ಓದ್ರಿ."

ತಾಯಿ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು:

"ನಾನು ಅಸ್ಸಾಮಿನಲ್ಲಿರುತ್ತೇನೆ. ನಮ್ಮವ್ವ ಹೋಗಿ ಮೂರು ತಿಂಗಳಾಯಿತು. ಅವಳ ಗುರೆಳ್ಳು ಚಟ್ನಿ ನಾನು ಕಲಿತೇ ಇರಲಿಲ್ಲ. ನೀವು ಬರೆದ ಹಾಗೆಯೇ ಮಾಡಿದೆ. ಎರಡು ಸಲವೂ ಆ ರುಚಿ ಬರಲಿಲ್ಲ, ಚೆಲ್ಲಿದೆ. ಅವ್ವನೇ ಕಟ್ಟಿಕೊಟ್ಟಿದ್ದ ಗುರೆಳ್ಳು. ಇನ್ನು ಒಂದು ಹಿಡಿ ಉಳಿದಿದೆ. ನನ್ನ ಕೈಯಲ್ಲೇ ಏನೋ ಊನ ಇರಬೇಕು. ಇಂತಿ, ಲಲಿತಾ."

"ಪಮ್ಮಕ್ಕ ಅಲ್ಲ," ಎಂದಳು ಶಕುಂತಲಾ.

ತಾಯಿ ಎದ್ದು ಅಡಿಗೆಮನೆಗೆ ಹೋದರು. ಹಸಿ ಗುರೆಳ್ಳನ್ನು ಒರಳಿಗೆ ಹಾಕಿ ಕುಟ್ಟಿದರು. ಉಪ್ಪು, ಖಾರ, ಬೆಳ್ಳುಳ್ಳಿ ಸೇರಿಸಿದರು. ರೊಟ್ಟಿಗೆ ಹಚ್ಚಿಕೊಂಡು ತಿನ್ನತೊಡಗಿದರು.

"ಬ್ಯಾಡ್ರಿ ತಾಯಿ. ಅದು ತಿನ್ನಾಕ ಬರೂದಿಲ್ಲ."

"ನಿನ್ನ ಒಲೀಗೆ ಬಂದ ಮೊದಲನೇ ಅತಿಥಿಗೆ ಇದನ್ನ ಬಡಿಸೀದಿ."

ತಾಯಿ ಇನ್ನೊಂದು ತುತ್ತು ಮುರಿದರು. ಶಕುಂತಲಾ ಅಲ್ಲೇ ನೆಲದ ಮೇಲೆ ಕೂತು ಬರೆದಳು:

"ಲಲಿತಾ, ಆ ಒಂದು ಹಿಡಿಯನ್ನು ಮುಟ್ಟುವ ಮೊದಲು ಇದನ್ನು ಓದಿರಿ. ಸಣ್ಣ ಉರಿಯಲ್ಲಿ ಹುರಿಯಬೇಕು. ಘಮ ಬಂದು, ಚಟಚಟ ಅನ್ನುವಾಗ ಇಳಿಸಬೇಕು. ನಾನು ಬೇಕೆಂದೇ ಸುಳ್ಳು ಬರೆದಿದ್ದೆ. ನಿಮ್ಮ ಕೈಯಲ್ಲಿ ಊನವಿಲ್ಲ."

ಆಮೇಲೆ ಹಳೆಯ ಬರಹಗಳನ್ನು ತೆರೆದು ಮಾದಲಿಗೆ ಬೆಲ್ಲ ಹಾಕಿದಳು. ರೊಟ್ಟಿಯನ್ನು ಅವ್ವನ ಬಲಗೈಗೆ ಕೊಟ್ಟಳು.

ಎಲ್ಲ ತಿದ್ದಿ ಮುಗಿದ ಮೇಲೂ ಏಳಲಿಲ್ಲ. ಅಡುಗೆಯದಲ್ಲದ ಮೂರು ಸಾಲನ್ನು ಹೊಸದಾಗಿ ಬರೆದಳು:

"ಅವ್ವ ಹೋದ ದಿನ ನಾನು ಇರಲಿಲ್ಲ. ಫೋನಿಗೆ ಬೀಗ ಹಾಕಿದವಳು ನಾನೇ. ಪಮ್ಮಕ್ಕ ಒಬ್ಬಳೇ ಎಲ್ಲ ಮಾಡಿದಳು."

ನಾಲ್ಕನೇ ದಿನ ಲಲಿತಾ ಉತ್ತರ ಬರೆದಳು. "ಬಂತು. ಅದೇ ರುಚಿ." ಅಷ್ಟೇ ಇತ್ತು.

ಅಕ್ಕನಿಂದ ಏನೂ ಇಲ್ಲ.

ಚಳಿಗಾಲ ಬಂತು. ಹೊಳೆ ಸಣ್ಣಗಾಯಿತು. ಶಕುಂತಲಾ ದಿನಾ ಬರೆದಳು, ದಿನಾ ತೆಗೆದು ನೋಡಿದಳು. ಒಂದು ಸಂಜೆ ಓದದೆಯೇ ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು.

"ತಾಯಿ, ಈಗ ಹುಡುಕಿದ್ರೂ ಒಂದು ತಪ್ಪಿಲ್ಲ. ಪಮ್ಮಕ್ಕಗ ಬರಿಯಾಕ ಏನೂ ಉಳಿದಿಲ್ಲ. ಆಕಿ ಓದ್ತಾಳೋ ಇಲ್ಲೋ, ನನಗ ಗೊತ್ತಾಗೂದ ಇಲ್ಲ. ನಾಳಿಂದ ಬಿಟ್ಟಬಿಡ್ಲೇನ್ರಿ?"

ತಾಯಿ ನೀರನ್ನೇ ನೋಡುತ್ತಿದ್ದರು.

"ಎಲ್ಲಾ ಸರಿ ಇದ್ರ ಪಮ್ಮಕ್ಕ ಏನಂತಾಳ?"

"ಏನೂ ಅನ್ನಂಗಿಲ್ರಿ. ಸುಮ್ಮನಿರ್ತಾಳ."

"ಈಗ ಏನ್ ಮಾಡಾಕತ್ತಾಳ?"