ಕೈ ತೋರಿಸು

“ಮೇಷ್ಟ್ರೇ, ನನ್ನ ಮೇಲೆ ನಿಮಗೆ ಯಾಕೆ ಇಷ್ಟೊಂದು ಅನುಮಾನ?”

ಕಲ್ಲಿನ ಯಾರ್ಡಿನಲ್ಲಿ ಕ್ರೇನಿಗೆ ಹೊರೆ ಕಟ್ಟುವುದನ್ನೂ ಕ್ರೇನಿನವನಿಗೆ ಸನ್ನೆ ಕೊಡುವುದನ್ನೂ ಕಲಿಯಲು ಬಂದಿದ್ದ ರಾಚಪ್ಪ ಹೀಗೆ ಕೇಳಿದಾಗ ಮರಿಸ್ವಾಮಿ ಮೇಷ್ಟ್ರು ಊಟದ ಡಬ್ಬಿ ತೊಳೆಯುತ್ತಿದ್ದರು. ಅವರು ತಲೆ ಎತ್ತಲಿಲ್ಲ. ಅದನ್ನೂ ರಾಚಪ್ಪ ಮನಸ್ಸಿನಲ್ಲಿ ಗುರುತು ಹಾಕಿಕೊಂಡ. ಒಳಗೆ ಏನೋ ಇಟ್ಟುಕೊಂಡವರು ಮುಖ ಕೊಟ್ಟು ಮಾತಾಡುವುದಿಲ್ಲ ಎಂಬುದು ಅವನ ಎಣಿಕೆ.

ಅವನ ಸಂಕಟ ಸಣ್ಣದಲ್ಲ. ಕಲಿಕೆ ಮುಗಿಯುತ್ತ ಬಂದಿತ್ತು. ಮೇಷ್ಟ್ರು ಹೂಂ ಅಂದರೆ ಅವನು ಸನ್ನೆಗಾರ. ಇಲ್ಲದಿದ್ದರೆ ಮತ್ತೆ ಕಲ್ಲಿನ ಪುಡಿ ಗುಡಿಸುವ ಕೆಲಸ. ಅವನು ಕಟ್ಟಿದ ಒಂದು ಹೊರೆಯೂ ಈತನಕ ಜಾರಿರಲಿಲ್ಲ. ಆದರೂ ಕಲ್ಲು ಏಳುವ ಮುಂಚೆ ಪ್ರತಿ ಸಲ ಮೇಷ್ಟ್ರು ಅವನನ್ನು ಹೆಸರು ಹಿಡಿದು ಕೂಗಿ, ಕಲ್ಲಿನ ಮರೆಯಿಂದ ಈಚೆಗೆ ಕರೆಸಿ, “ಕೈ ತೋರಿಸು” ಎನ್ನುತ್ತಿದ್ದರು. ಸಂತೆಯಲ್ಲಿ ಸಿಕ್ಕಿಬಿದ್ದ ಜೇಬುಗಳ್ಳನ ಹಾಗೆ ಅವನು ಎಲ್ಲರ ಎದುರು ಎರಡೂ ಅಂಗೈ ಅಗಲಿಸಿ ನಿಲ್ಲಬೇಕು. ಹಾಗೆ ನಿಂತ ಮೇಲೆಯೇ ಅವರು ಸನ್ನೆ ಕೊಡುತ್ತಿದ್ದದ್ದು.

ಮೇಷ್ಟ್ರ ಅಕ್ಕನ ಮಗನೂ ಅದೇ ಕೆಲಸದ ಮೇಲೆ ಕಣ್ಣಿಟ್ಟಿದ್ದಾನೆ ಎಂಬ ಸುದ್ದಿ ಯಾರ್ಡಿನಲ್ಲಿತ್ತು. ರಾಚಪ್ಪ ಅದಕ್ಕೂ ಇದಕ್ಕೂ ಗಂಟು ಹಾಕಿದ. ತನ್ನನ್ನು ನಂಬುವ ಹಾಗಿಲ್ಲ ಎಂದು ನಾಲ್ಕು ಜನರಿಗೆ ತೋರಿಸಲು ಮೇಷ್ಟ್ರು ಹೂಡಿದ ಉಪಾಯವಿದು ಎಂದುಕೊಂಡ. ಗಂಟು ಬಿಗಿಯಾಗಿಯೇ ಬಿತ್ತು. ಗಂಟು ಹಾಕಲು ಅವನಿಗೆ ಕಲಿಸಿದವರು ಮೇಷ್ಟ್ರೇ ತಾನೆ.

“ಕೂತ್ಕೊ,” ಎಂದರು ಮೇಷ್ಟ್ರು. “ಒಂದು ಕತೆ ಹೇಳ್ತೀನಿ.”

ಕತೆ ಅಂದಕೂಡಲೇ ರಾಚಪ್ಪನ ಅನುಮಾನ ಇನ್ನೊಂದು ಗೇಣು ಬೆಳೆಯಿತು. ನೇರವಾದ ಉತ್ತರ ಇದ್ದಿದ್ದರೆ ಕತೆ ಯಾಕೆ ಬೇಕಿತ್ತು? ಆದರೂ ಕೂತ. ಮೇಷ್ಟ್ರು ಡಬ್ಬಿಯನ್ನು ಬಿಸಿಲಿಗೆ ಬೋರಲು ಹಾಕಿ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಸನ್ನೆಗಾರನಿದ್ದ. ಅವನು ಕೈ ಎತ್ತಿ ಬೆರಳು ತಿರುಗಿಸಿದರೆ ಕ್ರೇನು ಕಲ್ಲನ್ನು ಎತ್ತುತ್ತಿತ್ತು. ಮುಷ್ಟಿ ಬಿಗಿದರೆ ನಿಲ್ಲುತ್ತಿತ್ತು. ಕ್ರೇನಿನಲ್ಲಿ ಕೂತವನಿಗೆ ಕೆಳಗಿನದು ಅರ್ಧ ಕಾಣುತ್ತದೆ, ಅರ್ಧ ಕಾಣುವುದಿಲ್ಲ. ಸನ್ನೆಗಾರನ ಕಣ್ಣೇ ಅವನ ಕಣ್ಣು.

ಈ ಸನ್ನೆಗಾರ ಮಹಾ ಅನುಮಾನದ ಮನುಷ್ಯ. ತಂತಿ ಹಗ್ಗದ ಎಳೆ ಎಳೆಯನ್ನೂ ಅನುಮಾನಿಸುತ್ತಿದ್ದ, ಕೊಕ್ಕೆಯನ್ನು ಅನುಮಾನಿಸುತ್ತಿದ್ದ, ನಿನ್ನೆ ಗಟ್ಟಿಯಿದ್ದ ನೆಲವನ್ನು ಇವತ್ತು ಮತ್ತೆ ತುಳಿದು ನೋಡುತ್ತಿದ್ದ. ಕಲ್ಲನ್ನು ಒಂದು ಗೇಣು ಎತ್ತಿಸಿ ನಿಲ್ಲಿಸಿ, ಅದು ಯಾವ ಕಡೆಗಾದರೂ ವಾಲುತ್ತದೆಯೇ ಎಂದು ನೋಡದೆ ಮುಂದಕ್ಕೆ ಬಿಡುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಿನ ಅನುಮಾನ ಅವನಿಗೆ ಮಾತಿನ ಮೇಲೆ. ಹಗ್ಗ ಕಟ್ಟಿದವನು ಕಲ್ಲಿನ ಮರೆಯಿಂದ ಏನು ಕೂಗಿದರೂ ಅವನಿಗೆ ಲೆಕ್ಕವಿಲ್ಲ. ಕಟ್ಟಿದವನು ಈಚೆ ಬರಬೇಕು, ಎರಡೂ ಕೈ ತೋರಿಸಬೇಕು.

“ನಿಮ್ಮ ಹಾಗೇ ಅನ್ನಿ,” ಎಂದ ರಾಚಪ್ಪ.

ಮೇಷ್ಟ್ರು ಕತೆ ಮುಂದುವರಿಸಿದರು.

ಸನ್ನೆಗಾರನ ಜೊತೆಯಲ್ಲಿ ಹಗ್ಗ ಕಟ್ಟುತ್ತಿದ್ದವನು ಬೇರೆ ಯಾರೂ ಅಲ್ಲ, ಅವನ ಸ್ವಂತ ಬಾಮೈದ. ಒಳ್ಳೆಯ ಕೆಲಸಗಾರ, ಆದರೆ ಮುಟ್ಟಿದರೆ ಮುನಿಯುವ ಸ್ವಭಾವ. ಹೊರಗಿನವರ ಎದುರು ಭಾವ ‘ಕೈ ತೋರಿಸು’ ಎಂದಾಗಲೆಲ್ಲ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ ತಡೆಯಲಾರದೆ ಅಕ್ಕನ ಹತ್ತಿರ ಹೋಗಿ ಹೇಳಿಕೊಂಡು ಅತ್ತ. ಸಂಜೆ ಸನ್ನೆಗಾರ ಮನೆಗೆ ಬಂದಾಗ ಹೆಂಡತಿ ಮುಖ ಊದಿಸಿಕೊಂಡು ಕೂತಿದ್ದಳು. ಒಲೆ ಹತ್ತಿರಲಿಲ್ಲ.

“ನನ್ನ ತಮ್ಮ ನಿಮ್ಮ ಕಣ್ಣಿಗೆ ಕಳ್ಳನ ಹಾಗೆ ಕಾಣ್ತಾನಾ? ಅವನ ಬಾಯಿಮಾತಿಗೆ ಒಂದು ಬೆಲೆ ಬೇಡ್ವಾ?” ಎಂದಳು.

ಹಗ್ಗ, ಕೊಕ್ಕೆ, ನೆಲ, ಗಾಳಿ ಯಾವುದಕ್ಕೂ ಜಗ್ಗದ ಸನ್ನೆಗಾರ ಈ ಮಾತಿಗೆ ಜಗ್ಗಿದ. ಮನೆಯವನನ್ನೇ ನಂಬದಿದ್ದರೆ ಇನ್ನು ಯಾರನ್ನು ನಂಬುವುದು ಎಂದು ಅವನಿಗೂ ಅನ್ನಿಸಿತು. ನಾಳೆಯಿಂದ ಅವನ ಮಾತೇ ಸಾಕು, ಕೈ ಕೇಳುವುದಿಲ್ಲ ಎಂದ. ಅವಳು ಎದ್ದು ಅನ್ನಕ್ಕಿಟ್ಟಳು.

ಮರುದಿನ ಆಳೆತ್ತರದ ಕಪ್ಪು ಕಲ್ಲೊಂದನ್ನು ಲಾರಿಗೆ ಏರಿಸಬೇಕಿತ್ತು. ಬಾಮೈದ ಕಲ್ಲಿನ ಆಚೆ, ಸನ್ನೆಗಾರ ಈಚೆ. ಕಲ್ಲಿನ ಅಂಚು ಚೂಪಾಗಿದ್ದರೆ ಹಗ್ಗವನ್ನು ಕೊಯ್ಯುತ್ತದೆ. ಅದಕ್ಕೇ ಹಗ್ಗಕ್ಕೂ ಅಂಚಿಗೂ ನಡುವೆ ಮರದ ತುಂಡು ಕೊಡುವುದು ಪದ್ಧತಿ. ಸನ್ನೆಗಾರ ತನ್ನ ಕಡೆಯ ಮರವನ್ನು ನೋಡಿಕೊಂಡು ಕೂಗಿದ.

“ಆ ಕಡೆ ಅಂಚಿಗೂ ಮರ ಕೊಡಪ್ಪ!”

“ಆಯ್ತು ಭಾವ!”

‘ಕೈ ತೋರಿಸು’ ಎಂಬ ಮಾತು ಸನ್ನೆಗಾರನ ನಾಲಿಗೆಯ ತುದಿಗೆ ಬಂದಿತ್ತು. ಹೆಂಡತಿಗೆ ಕೊಟ್ಟ ಮಾತು ನೆನಪಾಗಿ ಅದನ್ನು ನುಂಗಿಕೊಂಡ. ಕೈ ಎತ್ತಿ ಬೆರಳು ತಿರುಗಿಸಿದ.

ಹಗ್ಗ ಬಿಗಿಯಿತು. ಆಚೆಯಿಂದ ಚೀರಾಟ ಕೇಳಿತು. ಸನ್ನೆಗಾರ ಮುಷ್ಟಿ ಬಿಗಿದ, ಕ್ರೇನಿನವನು ನಿಲ್ಲಿಸಿ ಕೆಳಗಿಳಿಸಿದ, ಹಗ್ಗ ಸಡಿಲವಾಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಇಷ್ಟೂ ನಡೆದರೂ ತಡವಾಗಿತ್ತು. ಮರದ ತುಂಡನ್ನು ಹಗ್ಗದಡಿಗೆ ತೂರಿಸುತ್ತಿದ್ದ ಬಾಮೈದನ ಬಲಗೈ ಬೆರಳುಗಳು ಹೋದವು. ಹೆಬ್ಬೆರಳೊಂದು ಉಳಿಯಿತು.

ರಾಚಪ್ಪನಿಗೆ ಗೊತ್ತಿಲ್ಲದೆಯೇ ಅವನ ಬಲಗೈ ಎಡಗೈಯೊಳಗೆ ಸೇರಿಕೊಂಡಿತು.

ಯಾರ ತಪ್ಪು ಎಂದು ಜನ ಕೇಳಿದರು. “ಅವನು ಆಯ್ತು ಅಂದ, ಅದಕ್ಕೇ ಎತ್ತಿಸಿದೆ,” ಎಂದ ಸನ್ನೆಗಾರ. “ಮರ ಕೊಡ್ತೀನಿ ಅಂತ ಆಯ್ತು ಅಂದೆ, ಕೊಟ್ಟಾಯ್ತು ಅಂತಲ್ಲ,” ಎಂದ ಬಾಮೈದ. ಇಬ್ಬರೂ ಹೇಳಿದ್ದು ನಿಜ. ಕೆಲಸ ಒಪ್ಪಿಕೊಂಡವನೂ ಆಯ್ತು ಅನ್ನುತ್ತಾನೆ, ಮುಗಿಸಿದವನೂ ಆಯ್ತು ಅನ್ನುತ್ತಾನೆ.

ಆದರೆ ಆ ನಿಜ ಇಬ್ಬರಿಗೂ ಸಾಲಲಿಲ್ಲ. ಬಾಮೈದ ಆಸ್ಪತ್ರೆಯಲ್ಲಿ ಮಲಗಿ ಯೋಚಿಸಿದ. ಕೈ ನೋಡದೆ ಒಂದು ದಿನವೂ ಕಲ್ಲು ಎತ್ತಿಸದ ಭಾವ, ನಾನು ಅಕ್ಕನಿಗೆ ದೂರು ಹೇಳಿದ ಮರುದಿನವೇ ಯಾಕೆ ಕೈ ನೋಡಲಿಲ್ಲ? ಇದು ಸೇಡು. ಸನ್ನೆಗಾರನೂ ಮನೆಯಲ್ಲಿ ಕೂತು ಯೋಚಿಸಿದ. ಇಷ್ಟು ಕೆಲಸ ಬಲ್ಲವನು ಹಗ್ಗದಡಿ ಕೈಯಿಟ್ಟುಕೊಂಡು ಆಯ್ತು ಅನ್ನುತ್ತಾನೆಯೇ? ನನ್ನನ್ನು ಸಿಕ್ಕಿಸಲು ಏನೋ ಹೂಡಿದ್ದ, ಅದು ಅವನಿಗೇ ತಿರುಗಿತು. ಹೆಂಡತಿ ಇಬ್ಬರ ಮಾತನ್ನೂ ಕೇಳಿ, ಆ ಸಂಜೆ ಬಾಯಿ ಬಿಟ್ಟ ತನ್ನನ್ನೇ ಬೈದುಕೊಂಡಳು.

ಆ ವರ್ಷ ಗೌರಿ ಹಬ್ಬಕ್ಕೆ ತವರಿನ ಬಾಗಿನ ಬೇರೆಯವರ ಕೈಯಲ್ಲಿ ಬಂತು. ತಮ್ಮ ಬರಲಿಲ್ಲ. ಅವಳು ಮೊರದ ಮುಚ್ಚಳ ತೆಗೆಯುವಾಗ ಸನ್ನೆಗಾರ ಬಾಗಿಲಲ್ಲೇ ನಿಂತು, ಒಳಗಿನ ಬಳೆ, ಅರಿಸಿನ, ಬೇಳೆ, ಬೆಲ್ಲ ಎಲ್ಲವನ್ನೂ ಕಣ್ಣು ಕಿರಿದು ಮಾಡಿ ನೋಡಿದ. ಹಗ್ಗದ ಎಳೆಯನ್ನು ನೋಡುತ್ತಿದ್ದ ಕಣ್ಣು ಅದು. ಮನೆಯೊಳಗೆ ಅವನು ಹಾಗೆ ನೋಡಿದ್ದು ಅದೇ ಮೊದಲು. ಅವಳು ಮೊರವನ್ನು ಅಲ್ಲೇ ಬಿಟ್ಟು ಅತ್ತಳು.

“ಕತೆ ಇಷ್ಟೇ,” ಎಂದರು ಮೇಷ್ಟ್ರು.

ಆದರೂ ರಾಚಪ್ಪನ ಒಳಗಿನ ಗಂಟು ಪೂರ್ತಿ ಬಿಚ್ಚಿರಲಿಲ್ಲ.

“ನಿಮ್ಮ ಅಕ್ಕನ ಮಗನಿಗೂ ಹೀಗೇ ಕೈ ತೋರಿಸು ಅಂತೀರಾ?”

“ಅವನಿಗೆ ಎರಡು ಸಲ ಅಂತೀನಿ,” ಎಂದು ಮೇಷ್ಟ್ರು ಎದ್ದು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡರು. “ನಾಳೆಯಿಂದ ಸನ್ನೆ ನೀನೇ ಕೊಡು. ಕಲ್ಲಿನ ಆಚೆ ಹಗ್ಗ ಕಟ್ಟೋನು ನಾನು. ನನ್ನ ಎರಡೂ ಕೈ ನಿನ್ನ ಕಣ್ಣಿಗೆ ಬೀಳೋತನಕ ಬೆರಳು ಎತ್ತಬೇಡ. ನಾನು ಏನೇ ಕೂಗಿದ್ರೂ ಸರಿ.”

ರಾಚಪ್ಪನಿಗೆ ಸಂತೋಷದಲ್ಲಿ ಎದೆ ಉಬ್ಬಿ ಬಂತು. ಥಟ್ಟನೆ ಎದ್ದು ನಿಂತ.

“ಆಯ್ತು ಮೇಷ್ಟ್ರೇ!”

ಮೇಷ್ಟ್ರು ಅವನ ಮುಖವನ್ನೇ ನೋಡಿ ಕೇಳಿದರು:

“ಯಾವ ಆಯ್ತು?”