ಗೋಡೆ ಒರೆಸಿದ ನೀರುಗಂಟಿ

"ಬುದ್ಧೀ, ಸರ್ವರ್‌ನಲ್ಲಿ ಲಾಗ್ ಕಡತ ಬೆಳೆದು ಬೆಳೆದು ಜಾಗವೆಲ್ಲ ತುಂಬಿದೆ. ಹೊಸದಾಗಿ ಬಂದ ಮಕ್ಕಳ ಹೆಸರು ಸೇರಿಸಲು ಆಗುತ್ತಿಲ್ಲ. ಅದನ್ನು ಅಳಿಸಿಬಿಡಲೇ?" ಮಠದ ವಿದ್ಯಾರ್ಥಿನಿಲಯದ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಶಿಷ್ಯ ಮರುಳಯ್ಯ ಗುರುಗಳನ್ನು ಕೇಳಿದ.

"ಲಾಗ್ ಎಂದರೇನಪ್ಪಾ?"

"ಏನನ್ನು ಬದಲಿಸಬೇಕಾದರೂ ಯಂತ್ರ ಮೊದಲು ಅದನ್ನು ಅಲ್ಲಿ ಬರೆದುಕೊಳ್ಳುತ್ತದೆ. ನಡುವೆ ಕರೆಂಟು ಹೋದರೆ, ಕೆಲಸ ಎಲ್ಲಿಗೆ ನಿಂತಿತ್ತೆಂದು ಅದನ್ನು ನೋಡಿ ತಿಳಿಯುತ್ತದೆ. ಎಲ್ಲವೂ ಬೇರೊಂದು ಪ್ರತಿಗೆ ಸುರಕ್ಷಿತವಾಗಿ ಸೇರಿದ ಮೇಲೆ ಆ ಬರಹ ಬೇಕಿಲ್ಲ."

ಗುರುಗಳು ಕಣ್ಣು ಮುಚ್ಚಿ ಹೇಳತೊಡಗಿದರು.

ಒಂದು ಕೆರೆಗೆ ಒಬ್ಬ ನೀರುಗಂಟಿ. ಸರದಿಯಂತೆ ಗದ್ದೆಗಳಿಗೆ ನೀರು ಬಿಡುವುದು ಅವನ ಕೆಲಸ. ಯಾರ ಗದ್ದೆಗೆಂದು ಕೆರೆದಂಡೆಯ ಮಂಟಪದ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆಯದೆ ತೂಬು ಎತ್ತುವಂತಿಲ್ಲ. ಅದು ಊರಿನ ಕಟ್ಟಳೆ. ಅವನು ಜ್ವರ ಬಂದು ಮಲಗಿದರೂ ಮತ್ತೊಬ್ಬ ಗೋಡೆ ನೋಡಿ ಕೆಲಸ ಮುಂದುವರಿಸಬಹುದಿತ್ತು.

ಅವನ ಅಪ್ಪ ಒಂದು ಸಾಲನ್ನೂ ಒರೆಸಿರಲಿಲ್ಲ. ಅವನೂ ಒರೆಸಲಿಲ್ಲ. ಮಧ್ಯಾಹ್ನ ಗೋಡೆಗೆ ಎದುರಾಗಿ ಕೂತರೆ ಅಕ್ಷರಗಳು ಮೆಲ್ಲಗೆ ಅಲುಗುತ್ತಿದ್ದವು. ಎಂದೋ ಹರಿದ ನೀರು ಮತ್ತೆ ಹರಿದಂತಾಗುತ್ತಿತ್ತು. ಆ ಸದ್ದು ಕೇಳುತ್ತ ಕೇಳುತ್ತ ಅವನಿಗೆ ಜೊಂಪು ಹತ್ತುತ್ತಿತ್ತು. ಗೋಡೆಯೇ ಎಲ್ಲವನ್ನೂ ನೆನಪಿಟ್ಟುಕೊಂಡದ್ದರಿಂದ, ಅವನು ನೆನಪಿಡುವುದನ್ನು ಬಿಟ್ಟು ಬಹುಕಾಲವಾಗಿತ್ತು.

ಒಂದು ದಿನ ಗೋಡೆಯಲ್ಲಿ ಬೆರಳಿಡಲೂ ಜಾಗ ಉಳಿಯಲಿಲ್ಲ. ಅಂದೇ ಒಬ್ಬ ರೈತ ಹೆಂಗಸು ಬಂದಳು.

"ಕೆರೆ ತುಂಬಿ ತುಳುಕುತ್ತಿದೆ, ನನ್ನ ಪೈರು ಬಾಯಿ ಬಿಡುತ್ತಿದೆ. ತೂಬು ಎತ್ತಣ್ಣಾ."

"ಬರೆಯಲು ಜಾಗವಿಲ್ಲ ತಾಯಿ."

"ಹಳೆಯದನ್ನು ಒರೆಸು."

"ಇಲ್ಲಿ ನೋಡು, ಇದು ನಿಮ್ಮಜ್ಜನ ಗದ್ದೆಗೆ ಬಿಟ್ಟ ನೀರು. ಹೇಗೆ ಒರೆಸಲಿ?"

"ಅಜ್ಜ ಆ ಅನ್ನ ಉಂಡು, ಕೈ ತೊಳೆದು, ಮಣ್ಣೂ ಸೇರಿದ. ನೀನಿನ್ನೂ ಅವನಿಗೇ ನೀರು ಕಟ್ಟುತ್ತಿದ್ದೀಯಲ್ಲೋ ಪುಣ್ಯಾತ್ಮ!"

ನೀರುಗಂಟಿಗೆ ನಾಚಿಕೆಯಾಯಿತು. ಒದ್ದೆ ಬಟ್ಟೆ ತಂದು ಗೋಡೆಯನ್ನೆಲ್ಲ ಒರೆಸಿದ. ಅಜ್ಜಂದಿರ ನೀರಿನ ಜೊತೆಗೆ ಆ ದಿನ ಬೆಳಿಗ್ಗೆ ಬರೆದ ಸಾಲೂ ಹೋಯಿತು. ಅವಳ ಹೆಸರು ಬರೆದು, ತೂಬು ಎತ್ತಿ, ತೃಪ್ತಿಯಿಂದ ಒರಗಿದ. ಬೆಳಿಗ್ಗೆ ಎತ್ತಿದ್ದ ಇನ್ನೊಂದು ತೂಬನ್ನು ಮುಚ್ಚಬೇಕೆಂದು ನೆನಪಿಸಲು ಗೋಡೆಯಲ್ಲಿ ಏನೂ ಇರಲಿಲ್ಲ; ಅದರಿಂದ ನೀರು ಹರಿಯುತ್ತಲೇ ಇತ್ತು. ಸಂಜೆಯ ಹೊತ್ತಿಗೆ ಕೆಳಗಿನ ಗದ್ದೆಯವನ ನಾಟಿಯೆಲ್ಲ ಕೊಚ್ಚಿಹೋಯಿತು.

ಗುರುಗಳು ಕಣ್ಣು ತೆರೆದರು.

"ಹಾಗಾದರೆ ಉಳಿಸುವುದೂ ತಪ್ಪು, ಒರೆಸುವುದೂ ತಪ್ಪೇ ಬುದ್ಧೀ?" ಎಂದ ಮರುಳಯ್ಯ.

"ನೀರು ಗದ್ದೆ ಮುಟ್ಟಿದ್ದನ್ನು ಹೋಗಿ ನೋಡಿ ಬಂದವನು ಒರೆಸಬಹುದು. ನೀನು ಆ ಇನ್ನೊಂದು ಪ್ರತಿಯನ್ನು ತೆರೆದು ನೋಡಿ ಎಷ್ಟು ದಿನವಾಯಿತು?"