ಒಣಬಟ್ಟೆಯಲ್ಲಿ ನಿಂತವನು

"ಕೇಳಿರಿ, ಕೇಳಿರಿ! ಅರಸ ಆಲ್ಡ್ರಿಕನ ಮೂರು ಒಗಟುಗಳನ್ನು ಬಿಡಿಸಿದವರಿಗೆ ಕಡಲಂಚಿನ ಸೀಮೆಯೆಲ್ಲ ಉಂಬಳಿ! ಒಂದು ತಪ್ಪಿದರೂ ಸೆರೆ. ಸಂತ ಬ್ರೆನೋಕ ತೀರಿಕೊಂಡ ದಿನ ಬಂದಾಗ ತಲೆದಂಡ!"

ಬಡಗಣ ಕಡಲಿನ ಚಳಿ ನಾಡೊಂದರಲ್ಲಿ ಹೀಗೆ ಡಂಗುರ ಸಾರಿದರು. ಬ್ರೆನೋಕ ಯಾರೆಂದು ಅಲ್ಲಿನವರಿಗೆ ಹೇಳಬೇಕಿರಲಿಲ್ಲ, ನಿಮಗೆ ಹೇಳಬೇಕು. ಆತ ದೂರದ ದ್ವೀಪದಿಂದ ಬಂದು, ಕ್ರಿಸ್ತನ ಮಾತು ಹೇಳುತ್ತ ಹನ್ನೆರಡು ವರ್ಷ ಆ ನಾಡಿನಲ್ಲಿ ಅಲೆದ ಮುದುಕ ಸನ್ಯಾಸಿ. ಅವನು ಊರುಗೋಲು ನೆಟ್ಟಲ್ಲಿ ಬುಗ್ಗೆ ಚಿಮ್ಮಿತಂತೆ. ಚಿಮ್ಮಿದ್ದನ್ನು ಕಂಡವರು ಸಿಗುವುದಿಲ್ಲ, ಅಲ್ಲಿ ನೀರು ಹೊತ್ತವರು ಮಾತ್ರ ಬೇಕಾದಷ್ಟು ಮಂದಿ. ಬರಗಾಲದ ಒಂದು ಚಳಿಗಾಲ ಆತ ಅರಸನ ಮುಖಕ್ಕೇ, "ನಿನ್ನ ಕಣಜ ತುಂಬಿದೆ, ನಿನ್ನ ಜನದ ಹೊಟ್ಟೆ ಖಾಲಿ" ಎಂದುಬಿಟ್ಟ. ಅರಸ ಕೆಂಡವಾದ. ಬಿರುಗಾಳಿಯ ಕಾಲವೆಂದು ಗೊತ್ತಿದ್ದೂ, ಮಾರನೆಯ ಬೆಳಿಗ್ಗೆಯೇ ನಾಡು ಬಿಟ್ಟು ತೊಲಗಬೇಕೆಂದ. ಮೂರನೆಯ ದಿನ ದೋಣಿ ಮಗುಚಿಕೊಂಡು ದಡಕ್ಕೆ ಬಂತು. ಮುದುಕ ಬರಲಿಲ್ಲ.

ಅಂದಿನಿಂದ ಅರಸನಿಗೆ ಅನ್ನ ಸೇರುತ್ತಿರಲಿಲ್ಲ. ಆಗ ಹುಟ್ಟಿದ್ದು ಈ ಒಗಟುಗಳು.

ಮೊದಲು ಬಂದವನು ದಂಡನಾಯಕ. ಅರಸ ಕೇಳಿದ: "ಬದುಕಿದ್ದಾಗ ಹುಲ್ಲು ಮೇಯಿತು, ಕಡಲನ್ನು ಕಾಣಲಿಲ್ಲ. ಸತ್ತ ಮೇಲೆ ಕಡಲಿಗಿಳಿದು ಮನುಷ್ಯರನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೋಯಿತು. ಏನದು?"

"ಕಡಲ ಭೂತ!" ಎಂದು ಗರ್ಜಿಸಿದ ದಂಡನಾಯಕ, ಗರ್ಜಿಸುತ್ತಲೇ ಸೆರೆಗೆ ಹೋದ.

ಎರಡನೆಯವನು ಆಸ್ಥಾನದ ಪಂಡಿತ. ಹೇಗೋ ಮೊದಲನೆಯದನ್ನು ದಾಟಿದ. ಎರಡನೆಯದು ಹೀಗಿತ್ತು: "ಕೊಂದವನೇ ಸತ್ತವನ ನೊಗ ಹೊತ್ತ. ತಿಂದವನೇ, ತಾನು ತಿಂದವನ ಪಾಲಿನ ಕೆಲಸ ಮಾಡಿದ. ಯಾರವನು?" ಪಂಡಿತ ಗಡ್ಡ ನೀವಿ, "ಅಣ್ಣನನ್ನು ಕೊಂದು ಪಟ್ಟವೇರಿದ ತಮ್ಮ" ಎಂದ. ಓದಿದವರ ಬುದ್ಧಿಯೇ ಹಾಗೆ, ಎಲ್ಲ ಕಡೆಯೂ ಪಟ್ಟವೇ ಕಾಣುತ್ತದೆ. ಅವನೂ ಸೆರೆ ಸೇರಿದ.

ಮೂರನೆಯವನು ಅರಸನ ಭಾವಮೈದ. ಅವನು ಎರಡನ್ನೂ ದಾಟಿದ. ಅರಸನ ದನಿ ಇಳಿಯಿತು. "ಒಬ್ಬ ಮುದುಕ ನೀರಿನಲ್ಲಿ ಸತ್ತ, ನೀರು ಅವನನ್ನು ಕೊಲ್ಲಲಿಲ್ಲ. ಕೊಂದವನು ಒಣಬಟ್ಟೆ ಉಟ್ಟು ದಡದಲ್ಲಿ ನಿಂತಿದ್ದ. ಯಾರು?"

ಸಭೆಯಲ್ಲಿ ಉತ್ತರ ಎಲ್ಲರಿಗೂ ಗೊತ್ತಿತ್ತು, ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಭಾವಮೈದ ಕೈಮುಗಿದು, "ಬಿರುಗಾಳಿ, ಪ್ರಭು. ಎಲ್ಲ ದೈವೇಚ್ಛೆ" ಎಂದ. ಅರಸನ ಮುಖ ಬಾಡಿತು. "ತಪ್ಪು" ಎಂದಷ್ಟೇ ಹೇಳಿದ.

ತಲೆದಂಡಕ್ಕೆ ಎರಡು ದಿನ ಉಳಿದಿದ್ದಾಗ ಮಾಬನ್ ಬಂದ. ತೊಗಲು ದೋಣಿಗಳ ಹೊಲಿಗೆಗೆ ನೀರು ಒಸರದಂತೆ ಕುರಿಕೊಬ್ಬು ಬಳಿಯುವ ಬಡ ಹುಡುಗ. ಉಂಬಳಿಯ ಆಸೆಯಿಂದ ಬಂದವನಲ್ಲ. ಒಂದು ವರ್ಷದಿಂದ ಅವನ ಎದೆಯಲ್ಲಿ ಒಂದು ಮಾತು ಕೊಳೆಯುತ್ತಿತ್ತು. ತಲೆ ಹೋದರೂ ಸರಿ, ಅದನ್ನು ಹೊರಗೆ ಹಾಕಬೇಕಾಗಿತ್ತು.

ಮೊದಲ ಒಗಟಿಗೆ, "ತೊಗಲಿನ ದೋಣಿ, ಪ್ರಭು. ಎತ್ತು ಹುಲ್ಲು ಮೇಯುತ್ತೆ, ಅದರ ತೊಗಲು ಕಡಲಿಗಿಳಿಯುತ್ತೆ. ನನ್ನ ದಿನದ ಕೆಲಸವೇ ಅದು" ಎಂದ.

ಎರಡನೆಯದಕ್ಕೆ, "ಬ್ರೆನೋಕಜ್ಜನ ತೋಳ" ಎಂದ. "ಅಜ್ಜ ಉಳುತ್ತಿದ್ದಾಗ ತೋಳ ಬಂದು ಎತ್ತನ್ನು ತಿಂದಿತು. ಅಜ್ಜ ಬೈಯಲಿಲ್ಲ, ಅದರ ಕೊರಳಿಗೇ ನೊಗ ಇಟ್ಟರು. ತಲೆ ತಗ್ಗಿಸಿಕೊಂಡು ಸಂಜೆಯವರೆಗೆ ಉಳುಮೆ ಮಾಡಿತಂತೆ."

ಅರಸ ಮೂರನೆಯದನ್ನು ಕೇಳಿದ. ಮಾಬನ್ ಮೊಣಕಾಲೂರಿದ.

"ನಾನು, ಪ್ರಭು."

ಸಭೆಯಲ್ಲಿ ಗುಸುಗುಸು ಎದ್ದಿತು. ಹುಡುಗ ತಡೆತಡೆದು ಹೇಳಿದ: "ದೋಣಿ ಹೊರಡುವ ಮುಂಚೆ ಹೊಲಿಗೆಗೆ ಮೂರು ಸಲ ಕೊಬ್ಬು ಬಳಿಯಬೇಕು. ಬಳಿದವನು ಜಿಡ್ಡಿನ ಅಂಗೈ ತೋರಿಸಬೇಕು, ಹೋಗುವವರು ಅದನ್ನು ಹಿಡಿದು ಹತ್ತಬೇಕು. ಅದು ನಮ್ಮ ಕಸುಬಿನ ಆಣೆ. ಮನೆಯಲ್ಲಿ ಅವ್ವ ಹಸಿವಿನಿಂದ ಸಾಯುತ್ತಿದ್ದಳು. ಒಂದೇ ಸಲ ಬಳಿದೆ, ಉಳಿದದ್ದನ್ನು ಅವಳ ಗಂಜಿಗೆ ಹಾಕಿದೆ. ಬೆಳಿಗ್ಗೆ ಚೂರೇ ಚೂರು ಅಂಗೈಗೆ ಸವರಿಕೊಂಡು ಅಜ್ಜನ ಮುಂದೆ ಚಾಚಿದೆ. ಅಜ್ಜ ಈ ಕೈಯನ್ನು ಹಿಡಿದು, 'ಒಳ್ಳೆಯದಾಗಲಿ ಮಗು' ಅಂದರು."

ಅವನು ಬಿಕ್ಕಿಬಿಕ್ಕಿ ಅತ್ತ.

ಮಂತ್ರಿ ಅರಸನ ಕಿವಿಗೆ ಬಗ್ಗಿದ. "ಕೊಲೆಗಾರ ತಾನಾಗಿಯೇ ಸಿಕ್ಕಿದ, ಪ್ರಭು. ಇವನ ತಲೆ ತೆಗೆಸಿ, ನಿಮ್ಮ ಮೇಲಿನ ದೂರು ಮುಗಿಯುತ್ತದೆ."

ಅರಸನಿಗೆ ಆಸೆಯಾಯಿತು. ಸುಳ್ಳೇಕೆ, ಬಹಳ ಆಸೆಯಾಯಿತು. ಆದರೆ ಹುಡುಗನ ಕಡೆ ತಿರುಗಿ ಕೇಳಿದ: "ಮೂರು ಸಲ ಬಳಿದಿದ್ದರೆ ದೋಣಿ ಉಳಿಯುತ್ತಿತ್ತೇನೋ?"

"ಗೊತ್ತಿಲ್ಲ, ಪ್ರಭು. ಅದೊಂದು ಗೊತ್ತಾದರೆ ಸಾಕಿತ್ತು."

"ನಾನು ಅಟ್ಟದಿದ್ದರೆ ಮುದುಕ ಉಳಿಯುತ್ತಿದ್ದ. ಅದು ನನಗೆ ಚೆನ್ನಾಗಿ ಗೊತ್ತು" ಎಂದು ಅರಸ ಸಿಂಹಾಸನದಿಂದ ಕೆಳಗಿಳಿದ. "ಆ ಒಗಟಿಗೆ ನಾನು ಇಟ್ಟುಕೊಂಡಿದ್ದ ಉತ್ತರ ಆಲ್ಡ್ರಿಕ್ ಎಂದು. ಯಾರಾದರೂ ಮುಖಕ್ಕೆ ಹೇಳಲಿ ಎಂದು ಕಾದೆ, ಹೇಳದವರನ್ನು ಸೆರೆಗೆ ತಳ್ಳಿದೆ. ದಡದಲ್ಲಿ ಇನ್ನೊಬ್ಬ ನಿಂತಿದ್ದು ನನಗೆ ತಿಳಿದಿರಲಿಲ್ಲ. ನಿನ್ನ ಅವ್ವನ ಪಾಲಿನ ಕಾಳು ನನ್ನ ಕಣಜದಲ್ಲೇ ಇತ್ತಲ್ಲೋ. ನಿನ್ನ ಉತ್ತರ ಸರಿ. ಉಂಬಳಿ ನಿನ್ನದು."

"ಉಂಬಳಿ ಬೇಡ, ಒಳಗಿರುವ ಮೂವರನ್ನು ಬಿಟ್ಟುಬಿಡಿ. ನನ್ನಿಂದ ಒಬ್ಬರು ಹೋದದ್ದು ಸಾಕು."

ಅರಸ ಮೂವರನ್ನೂ ಬಿಡಿಸಿದ, ಕಣಜದ ಬಾಗಿಲು ತೆಗೆಸಿದ, ಬೇಡವೆಂದರೂ ಕೇಳದೆ ಕಡಲಂಚಿನ ಸೀಮೆಯನ್ನು ಹುಡುಗನ ಹೆಸರಿಗೆ ಬರೆಸಿದ. ಕೊಟ್ಟ ಮಾತು ಕೊಟ್ಟದ್ದೇ.

ಮಾಬನ್ ಮನೆಗೆ ಬಂದು ಅವ್ವನ ಕಾಲ ಬಳಿ ಕೂತ. ಒಂದು ವರ್ಷ ಮುಚ್ಚಿಟ್ಟಿದ್ದನ್ನೆಲ್ಲ ಹೇಳಿದ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೇಳಿಸಿಕೊಂಡಳು.

"ಆ ಗಂಜಿ ದೋಣಿಗೆ ಬಳಿಯೋ ಕೊಬ್ಬಿನ ವಾಸನೆ ಹೊಡೀತಿತ್ತು ಕಣೋ" ಎಂದಳು ಕೊನೆಗೆ. "ಬೆಳಿಗ್ಗೆ ಯಾರ ದೋಣಿ ಹೊರಡುತ್ತೆ ಅಂತಾನೂ ನನಗೆ ಗೊತ್ತಿತ್ತು. ಗೊತ್ತಿದ್ದೂ ಬಟ್ಟಲು ನೆಕ್ಕಿದೆ. ನನ್ನನ್ನೂ ಆ ಅರಸನ ಹತ್ರ ಕರ್ಕೊಂಡು ಹೋಗು, ಮಗಾ."